ಸಹಾಯ ಬೇಕು: ಕೋಡಿ ಬೆಂಗ್ರೆಯ ಹಳೆಯ ಮನೆಯ ಮಾರಾಟ

ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿರುವ ಅಜ್ಜಿಯ ಕಾಲದ ಹಂಚಿನ ಮನೆಯನ್ನು ಮಾರಬೇಕಾಗಿದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಹೊಳೆ. ಉಪ್ಪುಗಾಳಿಗೆ ಕಿಟಕಿಯ ಸರಳುಗಳು ಪದರ ಪದರವಾಗಿ ಉದುರುತ್ತಿವೆ. ಹಲಸಿನ ಮರದ ಬಾಗಿಲು ಮಾತ್ರ ಜಗ್ಗಿಲ್ಲ.

ಪಹಣಿಯಲ್ಲಿ ಇನ್ನೂ ಅಜ್ಜಿಯ ಹೆಸರೇ ಇದೆ. ವಾರಸುದಾರರಲ್ಲಿ ಇಬ್ಬರು ಮುಂಬಯಿಯಲ್ಲಿ, ಒಬ್ಬರು ದುಬೈಯಲ್ಲಿ. ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಬೇಕೇ, ಎಲ್ಲರೂ ಸೇರಿ ನೇರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದೇ? ದುಬೈಯಿಂದ ಅಧಿಕಾರಪತ್ರ ತರಿಸುವ ಕ್ರಮವೇನು?

ಜಾಗ ಭರತರೇಖೆಯಿಂದ (ಭರತದ ನೀರು ತಲುಪುವ ಗೆರೆ) 500 ಮೀಟರ್ ಒಳಗಿದೆ, ಹಾಗಾಗಿ ಕಡಲತೀರದ ಕಟ್ಟಡಗಳನ್ನು ನಿರ್ಬಂಧಿಸುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ತೊಡಕು. ಬಂದವರೆಲ್ಲ ಕೇಳುವುದು ಒಂದೇ: ಕೆಡವಿ ಹೋಂಸ್ಟೇ ಕಟ್ಟಬಹುದೇ? (ಮನೆ ನೋಡುವ ವ್ಯವಧಾನ ಯಾರಿಗೂ ಇಲ್ಲ.) ದಲ್ಲಾಳಿಗಳ ಮಾತು ದಿನಕ್ಕೊಂದು.

ಕರಾವಳಿ ಜಮೀನಿನ ಕಾಗದಪತ್ರ ಬಲ್ಲ ಉಡುಪಿಯ ವಕೀಲರು ಗೊತ್ತಿದ್ದರೆ ದಯವಿಟ್ಟು ಸಂದೇಶ ಕಳುಹಿಸಿ.