ಸಹಾಯ ಬೇಕು: ಟೊಮೆಟೊ ಚಿಗುರು ಬರುತ್ತಿದೆ, ಬೇರು ಮಾತ್ರ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಟಿಶ್ಯೂ ಕಲ್ಚರ್ (ಗಿಡದ ತುಂಡುಗಳನ್ನು ಬಾಟಲಿಯಲ್ಲಿ ಬೆಳೆಸುವುದು) ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ.

ಟೊಮೆಟೊ ಕಾಯಿ ದಪ್ಪ ಆಗುವುದು ಹೇಗೆ ಅನ್ನುವುದು ನನ್ನ ಪ್ರಾಜೆಕ್ಟ್. ಕಾಡು ಟೊಮೆಟೊ ಗೋಲಿಯಷ್ಟು ಸಣ್ಣದು, ನಾವು ಸಂತೆಯಲ್ಲಿ ತರುವುದು ಎಷ್ಟು ದೊಡ್ಡದು ಅಲ್ವಾ? 2000ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಎಫ್‌ಡಬ್ಲ್ಯೂ 2.2 ಅನ್ನುವ ಜೀನ್‌ನ ಸಣ್ಣ ಕಾಯಿಯ ರೂಪವನ್ನು ದೊಡ್ಡ ಕಾಯಿ ಬಿಡುವ ಗಿಡಕ್ಕೆ ಸೇರಿಸಿದಾಗ ಕಾಯಿ ಸಣ್ಣದಾಯಿತು. ಅದನ್ನು ಓದಿದಾಗಿನಿಂದ ಇದೇ ಕೆಲಸ ಮಾಡಬೇಕು ಅನ್ನೋ ಹಂಬಲ. ನಾನು ಬಳಸುತ್ತಿರುವುದು ಮೈಕ್ರೋ-ಟಾಮ್, ಕುಂಡದಲ್ಲೇ ಬೆಳೆಯುವ ಗಿಡ್ಡ ತಳಿ.

ಬೀಜದೆಲೆ ತುಂಡುಗಳನ್ನು ಅಗ್ರೋಬ್ಯಾಕ್ಟೀರಿಯಂ (ಗಿಡದೊಳಗೆ ಜೀನ್ ಸೇರಿಸಲು ಬಳಸುವ ಬ್ಯಾಕ್ಟೀರಿಯಾ) ದ್ರಾವಣದಲ್ಲಿ ಅದ್ದಿ, ಚಿಗುರು ಬರಿಸುವ ಹಾರ್ಮೋನ್ ಝಿಯಾಟಿನ್ ಇರುವ ಮೀಡಿಯಾದಲ್ಲಿ (ಪೋಷಕಾಂಶದ ಮಿಶ್ರಣ) ಇಟ್ಟರೆ ಚಿಗುರು ಚೆನ್ನಾಗಿಯೇ ಬರುತ್ತದೆ. ತೊಂದರೆ ಆಮೇಲೆ. ಕನಾಮೈಸಿನ್ (ಜೀನ್ ಸೇರದ ಚಿಗುರನ್ನು ತಡೆಯುವ ಆ್ಯಂಟಿಬಯೋಟಿಕ್) ಹಾಕಿದ ಬೇರಿನ ಮೀಡಿಯಾಕ್ಕೆ ಬದಲಿಸಿದ ಮೇಲೆ ಬುಡದಲ್ಲಿ ಬಿಳಿ ಕ್ಯಾಲಸ್ (ಆಕಾರವಿಲ್ಲದ ಕೋಶಗಳ ಗಡ್ಡೆ) ಉಬ್ಬುತ್ತದೆ, ತುದಿ ಎಲೆ ಹಳದಿಯಾಗುತ್ತದೆ, ಬೇರು ಒಂದೂ ಇಲ್ಲ. ಅಗ್ರೋಬ್ಯಾಕ್ಟೀರಿಯಂ ಕೊಲ್ಲಲು ಸೆಫೊಟ್ಯಾಕ್ಸಿಮ್ ಅನ್ನುವ ಆ್ಯಂಟಿಬಯೋಟಿಕ್ ಹಾಕಿದ್ದರೂ ಕೆಲವು ಬಾಟಲಿಗಳಲ್ಲಿ ಚಿಗುರಿನ ಸುತ್ತ ಬ್ಯಾಕ್ಟೀರಿಯಾದ ಲೋಳೆ ಕಾಣುತ್ತದೆ.

ಈ ಚಿಗುರುಗಳಿಗೆ ಜೀನ್ ಸೇರಿಯೇ ಇಲ್ಲ, ಹಾಗೇ ತಪ್ಪಿಸಿಕೊಂಡು ಬಂದಿವೆ ಅಂತ ನನ್ನ ಅನುಮಾನ. ಹಾಗಿದ್ದರೆ ಕನಾಮೈಸಿನ್ ಅನ್ನು ಚಿಗುರಿನ ಹಂತದಲ್ಲೇ ಜಾಸ್ತಿ ಮಾಡಬೇಕಾ? ಅಥವಾ ಮೊದಲು ಕನಾಮೈಸಿನ್ ಇಲ್ಲದೆ ಬೇರು ಬರಿಸಿ, ಆಮೇಲೆ ಜೀನ್ ಸೇರಿದೆಯಾ ಅಂತ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿ ನೋಡುವುದು ಸರಿಯಾ? ಸೆಫೊಟ್ಯಾಕ್ಸಿಮ್ ಬದಲು ಟಿಮೆಂಟಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಬಳಸಿದವರು ಇದ್ದೀರಾ?

ಎಲ್ಲಾ ಬಯೋಸೇಫ್ಟಿ ಕಮಿಟಿಯ ಒಪ್ಪಿಗೆ ಪಡೆದು ಲ್ಯಾಬ್ ಒಳಗೇ ನಡೆಯುತ್ತಿದೆ, ಹೊಲಕ್ಕೆ ಒಂದು ಗಿಡವೂ ಹೋಗುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಕೈಯಾರೆ ಮಾಡಿ ತೋರಿಸುವವರು ಇದ್ದರೆ ತಿಳಿಸಿ, ನಾನೇ ಬಾಟಲಿ ಹಿಡಿದುಕೊಂಡು ಬರುತ್ತೇನೆ.