ಕಾರವಾರದಲ್ಲಿ 11,000ಕ್ಕೆ ವೋರ್ಟೆಕ್ಸ್ ರೇಜರ್ ಸ್ಕೋಪ್: ಅಸಲಿಯಾ, ನಕಲಿಯಾ?

ಸೋಂದಾ_ದಾರಿ (ಶಿರಸಿ):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು .177 ಬೋರಿನ ಸ್ಪ್ರಿಂಗ್ ಏರ್ ರೈಫಲ್, ನಳಿಗೆ ಮಡಚಿ ಪೆಲೆಟ್ ಹಾಕುವಂಥದ್ದು. ತೋಟದ ಧರೆಗೆ ಹಲಗೆ ಆನಿಸಿ 25 ಮೀಟರ್ ದೂರದಿಂದ ಕಾಗದದ ಗುರಿಗೆ ಹೊಡೆಯುವ ಅಭ್ಯಾಸಕ್ಕೆ ಸ್ಕೋಪ್ ಬೇಕು. ಕಾರವಾರದಲ್ಲಿ ಒಬ್ಬರು ವೋರ್ಟೆಕ್ಸ್ ರೇಜರ್ ಎಚ್‌ಡಿ ಜೆನ್ 2, 4.5-27×56 (4.5ರಿಂದ 27 ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 56 ಮಿ.ಮೀ. ಅಗಲದ್ದು) ಮಾರಾಟಕ್ಕಿಟ್ಟಿದ್ದಾರೆ. ಹೇಳುವ ಬೆಲೆ 11,000 ರೂಪಾಯಿ. ಡಬ್ಬಿ ಇದೆ, ಬಿಲ್ ಇಲ್ಲ. ಜೊತೆಗೆ ಸ್ಕೋಪನ್ನು ರೈಫಲ್ಲಿಗೆ ಹಿಡಿಸುವ 30 ಮಿ.ಮೀ. ರಿಂಗ್ ಜೋಡಿ ಪುಕ್ಕಟೆ. ಗುರಿ ಹಿಡಿಯುವ ಒಳಗಿನ ಗೆರೆಗಳಿಗೆ ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಬೆಳಕು ಬರ್ತದಂತೆ. ಮೈಮೇಲೆ ‘ಮೇಡ್ ಇನ್ ಜಪಾನ್’ ಅಂತ ಕೆತ್ತಿದೆ, ಸೀರಿಯಲ್ ನಂಬರೂ ಇದೆ. 2,000 ಮುಂಗಡ ಹಾಕಿದರೆ ಬೇರೆಯವರಿಗೆ ಕೊಡದೆ ಇಟ್ಟಿರ್ತಾರಂತೆ.

ಇದು ಅಸಲಿಯಾ? ನಕಲಿಯಾದರೂ ಏರ್‌ಗನ್ನಿಗೆ ಸಾಕಾಗ್ತದಾ? ಕೈಗೆ ತಗೊಂಡು ನೋಡುವಾಗ ಏನೇನು ಪರೀಕ್ಷೆ ಮಾಡಬೇಕು?

ಕಾಳಿ_ಸೇತುವೆ (ಕಾರವಾರ):

ಮೊದಲು ಮುಂಗಡ ಹಾಕೋದು ನಿಲ್ಲಿಸಿ. ನೀವು ಬರೆದದ್ದರಲ್ಲೇ ಉತ್ತರ ಇದೆ: ಪುಕ್ಕಟೆ ಕೊಡುವ ಆ 30 ಮಿ.ಮೀ. ರಿಂಗು. ರೇಜರ್ ಎಚ್‌ಡಿ ಜೆನ್ 2, 4.5-27×56ರ ಕೊಳವೆ 34 ಮಿ.ಮೀ. ದಪ್ಪ. 30ರ ರಿಂಗಿನೊಳಗೆ ಅದು ಕೂರುವುದೇ ಇಲ್ಲ. ರಿಂಗು ಸರಿಯಾಗಿ ಕೂತಿದೆ ಅಂದರೆ ಸ್ಕೋಪ್ ರೇಜರ್ ಅಲ್ಲ. ಮೂರು ಬಣ್ಣದ ಬೆಳಕೂ ಅದನ್ನೇ ಹೇಳ್ತದೆ, ಅಸಲಿಯಲ್ಲಿ ಇರುವುದು ಕೆಂಪು ಮಾತ್ರ. ಕೆಂಪು-ಹಸಿರು-ನೀಲಿ ಅಗ್ಗದ ಸ್ಕೋಪುಗಳ ಗುರುತು.

ತೂಕವನ್ನೂ ನೋಡಿ. ಅಸಲಿ 48.5 ಔನ್ಸ್, ಅಂದರೆ ಹತ್ತಿರ ಹತ್ತಿರ 1,375 ಗ್ರಾಂ. ಹೆಸರು, ಬಣ್ಣ, ಡಬ್ಬಿ ಎಲ್ಲ ನಕಲು ಮಾಡಬಹುದು, ಆದರೆ ಅಷ್ಟು ದಪ್ಪದ ಅಲ್ಯೂಮಿನಿಯಂ ಮತ್ತು ಅಷ್ಟು ಗಾಜು ಹಾಕಿದರೆ ನಕಲಿ ಮಾಡುವವನಿಗೆ ಉಳಿಯುವುದೇನೂ ಇಲ್ಲ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮುಚ್ಚಳ, ರಿಂಗು ತೆಗೆದು ತೂಗಿ. ಐವತ್ತು ಗ್ರಾಂ ಹೆಚ್ಚು ಕಡಿಮೆ ಬಂದರೆ ಚಿಂತೆಯಿಲ್ಲ, ಮುನ್ನೂರು ಗ್ರಾಂ ಕಡಿಮೆ ಬಂದರೆ ಮಾತೇ ಬೇಡ.

‘ಮೇಡ್ ಇನ್ ಜಪಾನ್’ ಅನ್ನುವ ಕೆತ್ತನೆಯಿಂದ ಏನೂ ಗೊತ್ತಾಗುವುದಿಲ್ಲ. ಅಸಲಿ ರೇಜರ್ ಜಪಾನಿನದೇ ಹೌದು, ನಕಲಿಯವರೂ ಅದನ್ನೇ ಕೆತ್ತುತ್ತಾರೆ. ಹಾಗಂತ ‘ಮೇಡ್ ಇನ್ ಚೈನಾ’ ಕಂಡ ಕೂಡಲೇ ನಕಲಿ ಅನ್ನಬೇಡಿ. ಅದೇ ಕಂಪನಿಯ ಕ್ರಾಸ್‌ಫೈರ್ 2 ಚೀನಾದಲ್ಲಿ, ವೈಪರ್ ಪಿಎಸ್‌ಟಿ ಜೆನ್ 2 ಫಿಲಿಪೈನ್ಸಿನಲ್ಲಿ ತಯಾರಾಗುತ್ತವೆ. ಮಾಡೆಲ್ಲಿಗೂ ದೇಶಕ್ಕೂ ತಾಳೆಯಾಗುತ್ತದೆಯಾ ನೋಡಬೇಕು.

ಸೀರಿಯಲ್ ನಂಬರ್ ಕಂಪನಿಗೆ ಬರೆದು ಕೇಳಿ. ಆ ನಂಬರ್ ತಪ್ಪಿದ್ದರೆ ನಕಲಿ ಎಂಬುದು ಖಚಿತ. ಸರಿ ಇದ್ದರೆ ಮಾತ್ರ ಏನೂ ಖಚಿತವಾಗುವುದಿಲ್ಲ, ಒಂದು ಅಸಲಿ ನಂಬರನ್ನೇ ನೂರಾರು ನಕಲಿಗೆ ಹೊಡೆಯುತ್ತಾರೆ.

ಆಮದಾದ ಮಾಲಿನ ಡಬ್ಬಿಯ ಮೇಲೆ ಆಮದುದಾರನ ಹೆಸರು, ವಿಳಾಸ, ಎಂಆರ್‌ಪಿ, ತಯಾರಾದ ದೇಶ ಇರುವ ಚೀಟಿ ಇರಲೇಬೇಕು. 2011ರ ಪೊಟ್ಟಣ ಸರಕುಗಳ ಮಾಪನ ನಿಯಮ ಅದು. ಯಾರೋ ವಿದೇಶದಿಂದ ಸ್ವಂತಕ್ಕೆ ತಂದದ್ದಾದರೆ ಚೀಟಿ ಇರುವುದಿಲ್ಲ, ಆಗ ಕಸ್ಟಮ್ಸ್ ರಸೀದಿ ಕೇಳಿ.

ಬೇರೆ ಹೆಸರುಗಳಿಗೂ ಇಂಥದೇ ಒಂದೊಂದು ಗುರುತಿದೆ. ನಿಕಾನ್ 2019ರ ಕೊನೆಗೆ ರೈಫಲ್ ಸ್ಕೋಪ್ ವ್ಯವಹಾರದಿಂದಲೇ ಹಿಂದೆ ಸರಿಯಿತು. ‘ಈ ವರ್ಷದ ಹೊಸ ಮಾಡೆಲ್’ ಅಂತ ನಿಕಾನ್ ಸ್ಕೋಪ್ ತೋರಿಸಿದರೆ ಅಲ್ಲಿಂದಲೇ ತಿರುಗಿ ಬನ್ನಿ. ಟ್ರಿಜಿಕಾನ್ ಕಂಪನಿಯ ಎಕಾಗ್ ಸ್ಕೋಪಿನ ಹೆಸರಾದ ಮಾಡೆಲ್ಲುಗಳು ಟ್ರಿಟಿಯಂ (ತಾನಾಗಿ ಬೆಳಕು ಕೊಡಲು ಬಳಸುವ ವಿಕಿರಣ ಅನಿಲ) ಮತ್ತು ಹೊರಗಿನ ಬೆಳಕು ಹೀರುವ ಫೈಬರ್ ಎಳೆಯಿಂದ ಬೆಳಗುತ್ತವೆ, ಅವುಗಳಲ್ಲಿ ಬ್ಯಾಟರಿ ಇಲ್ಲ. ಅವುಗಳ ನಕಲಿನಲ್ಲಿ ಬ್ಯಾಟರಿ ಮುಚ್ಚಳ, ಹಸಿರು-ಕೆಂಪು ಸ್ವಿಚ್ಚು ಕಾಣುತ್ತದೆ.

ಧರೆಯಂಚು (ಯಲ್ಲಾಪುರ):

ಮೇಲಿನ ಮಾತೆಲ್ಲ ಸರಿ. ನಾನು ಸೇರಿಸುವುದು ಇಷ್ಟೇ: ಅದು ಅಸಲಿ ರೇಜರ್ ಆಗಿದ್ದರೂ ನಿಮ್ಮ ಕೆಲಸಕ್ಕೆ ಬಾರದು.

ಅದರ ಪ್ಯಾರಲಾಕ್ಸ್ ಹೊಂದಾಣಿಕೆ (ಕಣ್ಣು ಸರಿದರೂ ಗೆರೆ ಗುರಿಯ ಮೇಲೇ ನಿಲ್ಲುವಂತೆ ದೂರಕ್ಕೆ ತಕ್ಕ ಹಾಗೆ ಕೂಡಿಸುವುದು) ಶುರುವಾಗುವುದೇ 32 ಗಜದಿಂದ, ಅಂದರೆ 29 ಮೀಟರ್. ನಿಮ್ಮ ಗುರಿ 25ರಲ್ಲಿ. ಹೆಚ್ಚಿನ ಪವರ್‌ನಲ್ಲಿ ಕಾಗದ ಮಸುಕಾಗಿಯೇ ಕಾಣುತ್ತದೆ, ಕಣ್ಣು ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲಿಂದ ಜಾರುತ್ತದೆ. ಏರ್‌ಗನ್ನಿಗೆ ಬೇಕಾದದ್ದು 10 ಗಜದವರೆಗೆ ಇಳಿಯುವ ಪ್ಯಾರಲಾಕ್ಸ್ ಇರುವ 3-9×40 ಅಥವಾ 4-12×40, ತೂಕ ಅರ್ಧ ಕಿಲೋ ಆಸುಪಾಸು.

ಇನ್ನೊಂದು, ಹೊಡೆತದ ವಿಷಯ. ಬಂದೂಕು ಹಿಂದಕ್ಕೆ ಒಮ್ಮೆ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತದೆ: ಪಿಸ್ಟನ್ ಮುಂದೆ ನುಗ್ಗುವಾಗ ಹಿಂದಕ್ಕೆ, ಅದು ಗಾಳಿಯ ದಿಂಬಿಗೆ ಅಪ್ಪಳಿಸಿ ನಿಂತಾಗ ಮುಂದಕ್ಕೆ. ಮುಂದಿನ ಒದೆತಕ್ಕೆಂದು ಕಟ್ಟದ ಸ್ಕೋಪಿನಲ್ಲಿ ಗಾಜು ಹಿಡಿದಿರುವ ಬಳೆಗಳು ಸಡಿಲಾಗುತ್ತವೆ, ಗೆರೆ ಓರೆಯಾಗಿ ತಿರುಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಏರ್‌ಗನ್ನಿಗೆ ಆಗುತ್ತದೆ ಅಂತ ಬರೆದಿರುವುದನ್ನೇ ತಗೊಳ್ಳಿ. ಹಾಕ್ ಕಂಪನಿಯ ಏರ್‌ಮ್ಯಾಕ್ಸ್ ಸಾಲು ಇದಕ್ಕೆಂದೇ ಇರುವುದು.

ರಿಂಗು ಕೊಳ್ಳುವ ಮೊದಲು ರೈಫಲ್ಲಿನ ಮೇಲಿರುವ ಹಳಿ ನೋಡಿ. ಏರ್‌ಗನ್ನಿನಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ (ಓರೆ ಅಂಚಿನ ಕಿರಿದಾದ ಹಳಿ) ಇರುತ್ತದೆ, ಅಗಲವಾದ ಪಿಕಟಿನಿ ಹಳಿಯ ರಿಂಗು ಅದಕ್ಕೆ ಹಿಡಿಯುವುದಿಲ್ಲ. ಮೌಂಟಿನ (ಹಳಿ ಹಿಡಿಯುವ ರಿಂಗಿನ ಬುಡ) ಕೆಳಗೆ ಸ್ಟಾಪ್ ಪಿನ್ ಇರಬೇಕು, ಅದು ರೈಫಲ್ಲಿನ ತೂತಿನಲ್ಲಿ ಕೂರಬೇಕು. ಇಲ್ಲದಿದ್ದರೆ ಪ್ರತಿ ಹೊಡೆತಕ್ಕೂ ಮೌಂಟು ಕೂದಲೆಳೆಯಷ್ಟು ಹಿಂದೆ ಜಾರುತ್ತದೆ, ನೀವು ಸ್ಕೋಪನ್ನೇ ಬೈಯುತ್ತಾ ಇರ್ತೀರಿ. ರಿಂಗಿನ ಸ್ಕ್ರೂ 1.7ರಿಂದ 2 ನ್ಯೂಟನ್ ಮೀಟರ್ ಬಿಗಿದರೆ ಸಾಕು. ಹೆಚ್ಚು ಬಿಗಿದರೆ ಕೊಳವೆ ತಗ್ಗಿ ಒಳಗಿನ ಚಲನೆಯೇ ಹಿಡಿದುಕೊಳ್ಳುತ್ತದೆ.

ಧರೆ ಮಣ್ಣಿನದೇ ತಾನೇ? ಚಿರೆಕಲ್ಲಿನ ಗೋಡೆಯಾದರೆ ಪೆಲೆಟ್ ಮರಳಿ ಚಿಮ್ಮುತ್ತದೆ. ಹಲಗೆಯ ಹಿಂದೆ ಮಣ್ಣಿನ ಚೀಲ ಇಡಿ, ಕನ್ನಡಕ ಹಾಕಿ. ಮತ್ತೆ, 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ಸ್ಕೋಪೇ ಬೇಡ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಚಿಕ್ಕ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್ ಕಲಿಯಿರಿ.

ಅಘನಾಶಿನಿ (ಕುಮಟಾ):

ಒಂದು ಅನುಮಾನ. ಮಾರುವವರೇ ‘ಇದು ಕಾಪಿ’ ಅಂತ ಹೇಳಿ 5,000ಕ್ಕೆ ಕೊಟ್ಟರೆ ತಗೊಳ್ಳಬಾರದಾ? ಕೆಲವು ಕಾಪಿಗಳ ಗಾಜು ಚೆನ್ನಾಗಿಯೇ ಕಾಣ್ತದಲ್ವಾ?

ತಿರುಗಣೆ (ಹೊನ್ನಾವರ):

ಕಾಣುತ್ತದೆ, ಅಂಗಡಿಯ ಬಾಗಿಲಲ್ಲಿ ನಿಂತು ಹಗಲು ಹೊತ್ತು ರಸ್ತೆ ನೋಡಿದರೆ ಯಾವ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ. ಸ್ಕೋಪಿನ ಜೀವ ಇರುವುದು ಗಾಜಿನಲ್ಲಷ್ಟೇ ಅಲ್ಲ, ಒಳಗಿನ ಚಿಕ್ಕ ಕೊಳವೆಯಲ್ಲಿ. ಅದನ್ನು ಒಂದು ಸ್ಪ್ರಿಂಗು ಎರಡು ಟರೆಟ್ಟುಗಳ (ಗೆರೆಯನ್ನು ಮೇಲೆ ಕೆಳಗೆ, ಆಚೀಚೆ ಸರಿಸುವ ತಿರುಗುಗುಂಡಿಗಳು) ಸ್ಕ್ರೂ ತುದಿಗೆ ಒತ್ತಿ ಹಿಡಿದಿರುತ್ತದೆ. ನಕಲಿಯಲ್ಲಿ ದುಡ್ಡು ಹೋಗುವುದು ಹೊರಗೆ ಕಾಣುವ ಹೆಸರಿಗೆ, ಈ ಸ್ಪ್ರಿಂಗಿಗಲ್ಲ. ಸ್ಪ್ರಿಂಗು ಸೋತರೆ ಇವತ್ತು ಕೂಡಿಸಿದ ಸೊನ್ನೆ (ಗೆರೆ ಇಟ್ಟಲ್ಲೇ ಪೆಲೆಟ್ ಬೀಳುವ ಹೊಂದಾಣಿಕೆ) ನಾಳೆ ಇರುವುದಿಲ್ಲ. ಅದೇ 5,000ಕ್ಕೆ ತನ್ನದೇ ಹೆಸರು ಹಾಕಿಕೊಂಡ, ಬಿಲ್ ಮತ್ತು ವಾರಂಟಿ ಇರುವ ಸಾದಾ 3-9×40 ಸಿಗುತ್ತದೆ. ಹೆಸರಿಗೆಂದು ಒಂದು ರೂಪಾಯಿಯೂ ವ್ಯರ್ಥವಾಗದ ಆ ಸ್ಕೋಪ್ ಕಾಪಿಗಿಂತ ಮೇಲು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ವೋರ್ಟೆಕ್ಸ್ ಕಂಪನಿಯ ಜೀವಮಾನದ ವಾರಂಟಿ ನಕಲಿಗೆ ಅನ್ವಯಿಸುವುದೂ ಇಲ್ಲ.

ಸೋಂದಾದವರೇ, ನೋಡಲು ಹೋಗುವಾಗ ದಪ್ಪ ಅಳೆಯುವ ವರ್ನಿಯರ್, ಟಾರ್ಚ್, ಬಟರ್ ಪೇಪರ್, ಸೆಂಟಿಮೀಟರ್ ಗೆರೆ ಎಳೆದ ದೊಡ್ಡ ಹಾಳೆ ಮತ್ತು ಮರಳು ಚೀಲ ಒಯ್ಯಿರಿ. ಗುಂಡು ಹಾರಿಸುವ ಅಗತ್ಯವೇ ಇಲ್ಲ.

ಕೊಳವೆ ಅಳೆದ ಮೇಲೆ ದೂರದ ತೆಂಗಿನ ಮರಕ್ಕೆ ಸ್ಕೋಪ್ ಹಿಡಿಯಿರಿ. ಪವರ್ 4.5ರಲ್ಲಿ ಇಟ್ಟು, ಕಾಂಡದ ಅಗಲ ಎಷ್ಟು ಗುರುತುಗಳ ನಡುವೆ ಕೂರುತ್ತದೆ ಎಣಿಸಿ. ನಿಧಾನವಾಗಿ 27ಕ್ಕೆ ತಿರುಗಿಸಿ. ಮರ ಆರು ಪಟ್ಟು ಹಿಗ್ಗುತ್ತದೆ. ಅಸಲಿ ರೇಜರ್‌ನಲ್ಲಿ ಗೆರೆಗಳೂ ಅದರ ಜೊತೆಯೇ ಆರು ಪಟ್ಟು ಹಿಗ್ಗಿ, ಕಾಂಡ ಮೊದಲಿನಷ್ಟೇ ಗುರುತುಗಳ ನಡುವೆ ಉಳಿಯಬೇಕು. ಮರ ಮಾತ್ರ ದಪ್ಪವಾಗಿ ಗೆರೆ ಇದ್ದಲ್ಲೇ ಇದ್ದರೆ ಅದು ಬೇರೆ ಜಾತಿಯ ಸ್ಕೋಪಿಗೆ ರೇಜರ್ ಹೆಸರು ಹಚ್ಚಿದ್ದು. ಈ ಪರೀಕ್ಷೆ ದಾಟುವ ನಕಲಿಯೂ ಇರಬಹುದು, ಇಷ್ಟಕ್ಕೇ ನಿಲ್ಲಿಸಬೇಡಿ.

ಮುಂದಿನದು ಟಾರ್ಚ್. ಪವರ್ 27ರಲ್ಲೇ ಇರಲಿ. ಮುಂದಿನ ದೊಡ್ಡ ಗಾಜಿಗೆ ಬಟರ್ ಪೇಪರ್ ಒತ್ತಿ ಹಿಡಿದು, ಕಣ್ಣಿಡುವ ಕಡೆಯಿಂದ ಒಂದು ಮೊಳ ದೂರದಲ್ಲಿ ಟಾರ್ಚ್ ಹಾಕಿ. ಕಾಗದದ ಮೇಲೆ ಬೆಳಕಿನ ಬಿಲ್ಲೆ ಮೂಡುತ್ತದೆ. ಅದರ ಅಗಲ 56 ಮಿ.ಮೀ.ಗೆ ಹತ್ತಿರ ಇರಬೇಕು. 40ರ ಆಸುಪಾಸು ಬಂದರೆ ಒಳಗೆ ತಡೆಬಳೆ ಇಟ್ಟು ಗಾಜಿನ ಅಂಚನ್ನು ಮುಚ್ಚಿದ್ದಾರೆ ಎಂದರ್ಥ. ಅಗ್ಗದ ಗಾಜಿನ ಅಂಚು ಮಸುಕು ಕೊಡುವುದರಿಂದ ಹೀಗೆ ಮಾಡುತ್ತಾರೆ. ಮುಂದೆ 56ರ ಗಾಜು ಕಾಣುತ್ತದೆ, ಕೆಲಸ ಮಾಡುವುದು 40ರದ್ದು.

ಆಮೇಲೆ ಟರೆಟ್ ತಿರುಗಿಸುವಾಗಿನ ಕ್ಲಿಕ್ಕು. ಹಾಳೆಯನ್ನು 50 ಮೀಟರ್ ದೂರದಲ್ಲಿ ಅಂಟಿಸಿ, ಸ್ಕೋಪನ್ನು ಮರಳು ಚೀಲದ ಮೇಲೆ ಅಲುಗಾಡದಂತೆ ಕೂರಿಸಿ. 0.1 ಮಿಲ್‌ನ (ಮಿಲ್ ಅಂದರೆ ದೂರದ ಸಾವಿರದಲ್ಲೊಂದು ಪಾಲಿನ ಕೋನದ ಅಳತೆ) ಟರೆಟ್ ಆದರೆ ಅಲ್ಲಿ ಒಂದು ಕ್ಲಿಕ್ಕಿಗೆ 5 ಮಿ.ಮೀ. ನಲವತ್ತು ಮೇಲೆ, ನಲವತ್ತು ಬಲಕ್ಕೆ, ನಲವತ್ತು ಕೆಳಗೆ, ನಲವತ್ತು ಎಡಕ್ಕೆ ತಿರುಗಿಸಿ. ಗೆರೆಯ ನಡುವು ಹಾಳೆಯ ಮೇಲೆ 20 ಸೆಂ.ಮೀ. ಬಾಹುವಿನ ಚೌಕ ನಡೆದು ಹೊರಟಲ್ಲಿಗೇ ಬರಬೇಕು. ಮಾರುವವರು ಅವಸರ ಮಾಡಿದರೂ ಇದನ್ನು ಬಿಡಬೇಡಿ. ನಕಲಿ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ: ಮೊದಲ ಎರಡು ಕ್ಲಿಕ್ಕಿಗೆ ಗೆರೆ ಅಲುಗುವುದೇ ಇಲ್ಲ, ಮೂರನೆಯದಕ್ಕೆ ಒಮ್ಮೆಲೇ ಹಾರುತ್ತದೆ. ಕಾಲು ಎಂಒಎ (ಕೋನದ ಇನ್ನೊಂದು ಅಳತೆ, ಡಿಗ್ರಿಯ ಅರವತ್ತರಲ್ಲೊಂದು ಪಾಲು) ಟರೆಟ್ ಆದರೆ 50 ಮೀಟರಿನಲ್ಲಿ ಕ್ಲಿಕ್ಕಿಗೆ 3.6 ಮಿ.ಮೀ. ಲೆಕ್ಕ.

ನಮ್ಮ ಕರಾವಳಿಗೆ, ಶಿರಸಿಯ ಮಳೆಗೂ ಸೇರಿಸಿ, ಇನ್ನೊಂದು ಮಾತು. ಒಳ್ಳೆಯ ಸ್ಕೋಪಿನೊಳಗೆ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ರಬ್ಬರ್ ಬಳೆಗಳಿಂದ ಮುಚ್ಚಿರುತ್ತಾರೆ. ನಕಲಿಯೊಳಗೆ ಎಷ್ಟೋ ಸಲ ಇರುವುದು ಬರೀ ಗಾಳಿ. ಮಿರ್ಗದ ಮಳೆ ಹಿಡಿದ ಮೇಲೆ ಒಳಗೆ ಮಂಜು ಕಟ್ಟುತ್ತದೆ, ಆಮೇಲೆ ಗಾಜಿನ ಮೇಲೆ ಜೇಡರ ಬಲೆಯಂತೆ ಫಂಗಸ್ ಹರಡುತ್ತದೆ. ಹಳೆಯ ಸ್ಕೋಪ್ ಯಾವುದೇ ಇರಲಿ, ಮುಂದಿನಿಂದ ಟಾರ್ಚ್ ಓರೆಯಾಗಿ ಹಾಕಿ ಹಿಂದಿನಿಂದ ನೋಡಿ. ಬಿಳಿ ಎಳೆ ಕಂಡರೆ ಬಿಡಿ. ಫಂಗಸ್ ಗಾಜಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದರೆ ಹೋಗುವುದಿಲ್ಲ.

ಸೋಂದಾ_ದಾರಿ (ಶಿರಸಿ):

ನಿನ್ನೆ ಕಾರವಾರಕ್ಕೆ ಹೋಗಿ ನೋಡಿದೆ. ಕೊಳವೆ 30.0 ಮಿ.ಮೀ., ತೂಕ 790 ಗ್ರಾಂ. ಪವರ್ ತಿರುಗಿಸಿದರೆ ಮರ ಹಿಗ್ಗುತ್ತದೆ, ಗೆರೆ ಇದ್ದ ಹಾಗೇ ಇದೆ. ಟಾರ್ಚಿನ ಬಿಲ್ಲೆ 43 ಮಿ.ಮೀ. ನಲವತ್ತು ಕ್ಲಿಕ್ಕಿಗೆ 20ರ ಬದಲು 16 ಸೆಂ.ಮೀ., ವಾಪಸ್ ಬಂದಾಗ ಒಂದೂವರೆ ಸೆಂ.ಮೀ. ಪಕ್ಕಕ್ಕೆ ನಿಂತಿತು. ಬೇಡ ಅಂದೆ. ಈಗ 6,000ಕ್ಕೆ ಇಳಿಸಿದ್ದಾರೆ, ‘ನಿಮಗೆ ಬೇಡದಿದ್ದರೆ ಮುಂದೆ ಮಾರಿಬಿಡಿ’ ಅಂತಾರೆ.

ಕಾಳಿ_ಸೇತುವೆ (ಕಾರವಾರ):

ಆ ಮಾತಿಗೆ ಒಪ್ಪಬೇಡಿ. ಸುಳ್ಳು ಟ್ರೇಡ್‌ಮಾರ್ಕ್ ಇರುವ ಮಾಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮಿನಲ್ಲಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷದವರೆಗೆ ದಂಡ. ನಕಲಿ ಅಂತ ಅಳೆದು ನೋಡಿದ ಮೇಲೆ ನೀವೇ ಇನ್ನೊಬ್ಬರಿಗೆ ದಾಟಿಸಿದರೆ ಗೊತ್ತಿರಲಿಲ್ಲ ಅನ್ನಲು ದಾರಿ ಉಳಿಯುವುದಿಲ್ಲ.

ಇದನ್ನು ಓದುವ ಬೇರೆ ಯಾರಾದರೂ ಈಗಾಗಲೇ ದುಡ್ಡು ಕೊಟ್ಟಿದ್ದರೆ: ಅಂಗಡಿಯಿಂದಲೋ ಆನ್‌ಲೈನ್ ವ್ಯಾಪಾರಿಯಿಂದಲೋ ಕೊಂಡದ್ದಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ವ್ಯಾಪಾರಿಯಲ್ಲದ ಖಾಸಗಿಯವರಿಂದ ಕೊಂಡಿದ್ದರೆ ಗ್ರಾಹಕ ಕಾಯ್ದೆಯ ದಾರಿ ಕಷ್ಟ, ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಡಬೇಕಾಗುತ್ತದೆ. ಆನ್‌ಲೈನಿನಲ್ಲಿ ಮುಂಗಡ ಹಾಕಿಸಿಕೊಂಡು ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಾಹೀರಾತಿನ ಚಿತ್ರ, ಚಾಟ್, ತಕ್ಕಡಿಯ ಮೇಲಿಟ್ಟ ಫೋಟೊ, ವರ್ನಿಯರ್ ಹಿಡಿದ ಫೋಟೊ ಎಲ್ಲ ಇಟ್ಟುಕೊಳ್ಳಿ.

ಧರೆಯಂಚು (ಯಲ್ಲಾಪುರ):

6,000 ಕೈಯಲ್ಲಿದೆ ಅಂದರೆ ಒಂದು ಇಂಚು ಕೊಳವೆಯ 3-9×40, ಮುಂದಿನ ಗಾಜಿನಲ್ಲೇ ಪ್ಯಾರಲಾಕ್ಸ್ ತಿರುಗಿಸುವ ಎಒ ಇರುವುದು ಮತ್ತು ಸ್ಟಾಪ್ ಪಿನ್ ಇರುವ ಒಂದೇ ತುಂಡಿನ ಮೌಂಟು ನೋಡಿ. ಕೂಡಿಸುವಾಗ ಟರೆಟ್ಟನ್ನು ಮೇಲಿನ ಕೊನೆಯವರೆಗೆ ತಿರುಗಿಸಿದರೂ ಪೆಲೆಟ್ ಗುರಿಯ ಕೆಳಗೇ ಬಿದ್ದರೆ ಸ್ಕೋಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮಡಚುವ ನಳಿಗೆ ಸ್ವಲ್ಪ ಕೆಳಗೆ ವಾಲಿರುವುದು ಸಾಮಾನ್ಯ. ಟರೆಟ್ ಕೊನೆ ಮುಟ್ಟಿದ್ದಾಗ ಒಳಗಿನ ಸ್ಪ್ರಿಂಗಿನ ಬಿಗಿ ಕಡಿಮೆಯಾಗಿ ಸೊನ್ನೆ ಅಲೆಯುತ್ತದೆ. ಹಿಂಭಾಗ ಎತ್ತರವಾಗಿರುವ ಮೌಂಟು ಹಾಕಿ, ಟರೆಟ್ ನಡುವಿಗೆ ಬರುತ್ತದೆ. ಮೊದಲು 10 ಮೀಟರಿನಲ್ಲಿ ಕಾಗದಕ್ಕೆ ತನ್ನಿ, ಆಮೇಲೆ 25ಕ್ಕೆ ಹೋಗಿ. ಐವತ್ತು ಪೆಲೆಟ್ ಆದ ಮೇಲೆ ಸ್ಕ್ರೂಗಳನ್ನೆಲ್ಲ ಇನ್ನೊಮ್ಮೆ ನೋಡಿ.