ಸಹಾಯ ಬೇಕು: ಕಾರಿನ ಒಳಭಾಗಕ್ಕೆ ಕಾರ್ಡ್‌ಲೆಸ್ಸಾ, ವೆಟ್-ಡ್ರೈ ವ್ಯಾಕ್ಯೂಮಾ?

ನಮಸ್ಕಾರ. 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವವನ್ನು ಪಟ್ಟಿಯಿಂದ ತೆಗೆದಿದ್ದೇನೆ. ಆ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್, ಅಂದರೆ 120–180 ವ್ಯಾಟ್ ಅಷ್ಟೇ. ಕಾರ್ಪೆಟ್ ಎಳೆಗಳ ಬುಡದಲ್ಲಿ ಕೂತ ಮರಳಿಗೆ ಅದು ಸಾಲದು.

ಕಾರ್ಡ್‌ಲೆಸ್‌ಗಳ ಡಬ್ಬಿ ಮೇಲೆ ಕಿಲೋಪಾಸ್ಕಲ್ ಮಾತ್ರ ಬರೆದಿರುತ್ತಾರೆ. ಅದು ಬಾಯಿ ಪೂರ್ತಿ ಮುಚ್ಚಿದಾಗಿನ ಎಳೆತ. ಕಸ ಎತ್ತಲು ಗಾಳಿಯ ಹರಿವೂ ಬೇಕು. ಏರ್‌ವ್ಯಾಟ್ (ಎಳೆತ, ಹರಿವು ಎರಡೂ ಸೇರಿದ ಅಳತೆ) ಅಥವಾ ಪ್ರತಿ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಅನ್ನೋದನ್ನು ಅಳೆದವರಿದ್ದರೆ ಅಂಕಿ ಹಾಕಿ. ಜಾಹೀರಾತಿನ ಅಂಕಿ ಬೇಡ.

ವೆಟ್-ಡ್ರೈ ಕಡೆಗೇ ನನ್ನ ಒಲವು. ತೊಡಕು ಇರೋದು ಅಟ್ಯಾಚ್‌ಮೆಂಟ್‌ನಲ್ಲಿ. ಹೋಸ್ ಬಾಯಿ 35 ಮಿ.ಮೀ., ಸಿಗುವ ಬ್ರಷ್‌ಗಳು 32 ಮಿ.ಮೀ. ರಬ್ಬರ್ ಅಡಾಪ್ಟರ್ ಹಾಕಿದರೆ ಗಾಳಿ ಸೋರುತ್ತದೆಯೇ? ಸೀಟ್ ರೈಲ್ ಸಂದಿಗೆ ಉದ್ದನೆಯ, ಬಾಗುವ ಕ್ರೆವಿಸ್ ನಾಝಲ್ ಬೇಕು, ಆದರೆ ತೀರಾ ಕಿರಿದಾದರೆ ಹರಿವು ಕುಸಿದು ಕಲ್ಲುಚೂರು ಅಲ್ಲೇ ಉಳಿಯುತ್ತದೆ. ಎಷ್ಟು ಅಗಲದ್ದು ಸರಿಹೋಗುತ್ತದೆ? ಎಸಿ ವೆಂಟ್, ಡ್ಯಾಶ್‌ಬೋರ್ಡ್‌ಗೆ ಮೃದು ಕೂದಲಿನ ದುಂಡು ಬ್ರಷ್ ಸಾಕು, ಅದರಲ್ಲಿ ಗೊಂದಲವಿಲ್ಲ. ನಾಯಿಯ ಕೂದಲಿಗೆ ಮೋಟಾರ್ ಬ್ರಷ್ಷೋ, ರಬ್ಬರ್ ಹಲ್ಲಿನ ನಾಝಲ್ಲೋ? ಮೋಟಾರಿನದ್ದಕ್ಕೆ ಕೂದಲು ಸುತ್ತಿಕೊಂಡು ರೋಲರ್ ನಿಲ್ಲುತ್ತದೆ ಅನ್ನೋದು ನನ್ನ ಅನುಮಾನ.

ಇನ್ನೊಂದು: ನೀರು ಎಳೆಯುವಾಗ ಕಾಗದದ ಫಿಲ್ಟರ್ ತೆಗೆದು ಫೋಮ್ ಹಾಕಲೇಬೇಕಾದ ಮಾದರಿ ಬೇಡ. ಎರಡಕ್ಕೂ ಒಂದೇ ಫಿಲ್ಟರ್ ನಡೆಯುವ ಯಂತ್ರ ಬಳಸುತ್ತಿರುವವರು ಮಾದರಿ ಹೆಸರು, ಹೋಸ್ ಉದ್ದ ತಿಳಿಸಿ. 2 ಮೀಟರ್‌ಗಿಂತ ಗಿಡ್ಡ ಇದ್ದರೆ ಡಿಕ್ಕಿವರೆಗೆ ಎಟುಕುವುದಿಲ್ಲ.